ಆರನೇ ಗಂಟಿಗೆ ಚೀಟಿ ಇಲ್ಲ

ಬೈಲಹೊಂಗಲ
ತಾ. ೨೧-೮-೨೦೦೫

ವಾಸೀಮ್‌ಗೆ,

ಪೊಲೀಸರಿಗೆ ಹೇಳಿದವನು ನಾನಲ್ಲ.

ಹಾಗೆ ನಾನೆಲ್ಲಿ ಬರೆದಿದ್ದೇನೆ ಅಂತ ಕೇಳಬೇಡ. ಬರೆದಿಲ್ಲ, ಗೊತ್ತು. ನಿನ್ನ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ‘ಕಿತ್ತೂರಿನಲ್ಲಿ ಹೊಸ ಸೀಡಿ ಅಂಗಡಿ ಇಡುತ್ತಿದ್ದೇವೆ, ಉಳಿದ ಮೂರು ಗಂಟು ನೋಡಿ ಚೀಟಿ ಬರೆದು ಕಳಿಸಿ’ ಅಷ್ಟೇ ಇದೆ. ಮೇಲೆ ‘ಪರಶುರಾಮ ಅವರಿಗೆ’ ಅಂತ ಇದೆ. ಪರಶುರಾಮ! ಅವರಿಗೆ! ನಾಲ್ಕನೇ ಇಯತ್ತೆಯಿಂದ ‘ಪರಶ್ಯಾ’ ಬಿಟ್ಟು ಬೇರೆ ಹೆಸರಿನಿಂದ ನನ್ನನ್ನು ಕರೆಯದವನು ನೀನು. ಬೈದು ಬರೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸವದತ್ತಿಗೆ, ನಿನ್ನ ಮಾಮಾನ ಅಂಗಡಿಗೆ ಫೋನ್ ಹಚ್ಚಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ, ಹರಿಯಬೇಕು. ಹರಿಯುವ ಮೊದಲು ನಾಲ್ಕು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ.

ತಡವಾಯಿತು. ಕ್ಷಮೆ ಕೇಳಿದ್ದೇನೆ ಅಂತ ತಿಳಿದುಕೋ. ತಡಕ್ಕೆ ಕಾರಣ ಜೋಳದ ಹಿಟ್ಟು.

ರೇಡು ಆದ ದಿನ ಪೊಲೀಸರು ನಮ್ಮ ಅಂಗಡಿಯ ನಕಲಿ ಸೀಡಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ನಿಮ್ಮ ಮನೆಯ ಹಿಟ್ಟಿನ ಡಬ್ಬಿಯಲ್ಲಿ ‘ಸಾತ್ವಾ ದರ್ವಾಜಾ’ ಒಂದು ಉಳಿಯಿತು. ಟೀವಿಯಲ್ಲಿ ಮೊದಲಿನ ಮೂರು ಭಾಗ ಬಂದು ನಿಂತ ಮೇಲೆ ‘ಮುಂದೇನಾತೋ, ಮುಂದೇನಾತೋ’ ಅಂತ ಇಡೀ ಊರು ನಮ್ಮ ತಲೆ ತಿಂದಿತ್ತಲ್ಲ, ಅದೇ ಗೂಢಚಾರರ ಧಾರಾವಾಹಿ. ಪೇಟೆಯವರು ಸೀಸನ್ ಅನ್ನುತ್ತಾರೆ. ಒಂದು ಸೀಸನ್ನಿನ ಸೀಡಿಗಳಿಗೆಲ್ಲ ನೀನು ರಬ್ಬರ್ ಹಾಕಿ ಕಟ್ಟಿಡುತ್ತಿದ್ದೆ, ಹಾಗಾಗಿ ನಮ್ಮಲ್ಲಿ ಅದು ಗಂಟು. ಉಳಿದದ್ದು ನಾಲ್ಕನೇ, ಐದನೇ, ಆರನೇ ಗಂಟು.

ರೇಡಿನ ಹಿಂದಿನ ದಿನವೇ ಅವು ಹಿಟ್ಟಿನ ಡಬ್ಬಿಗೆ ಹೋಗಿ ಕೂತದ್ದು ಹೇಗೆ? ನೀನು ಮನಸ್ಸಿನಲ್ಲಿ ಕೇಳುತ್ತಿರುವುದು ಇದನ್ನೇ. ಪರಶ್ಯಾನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ತನಗೆ ಬೇಕಾದದ್ದನ್ನು ಬಚ್ಚಿಟ್ಟ, ಅಲ್ಲವೇ? ನಾನೇ ಬಚ್ಚಿಟ್ಟದ್ದು, ಹೌದು. ಆದರೆ ಪೊಲೀಸರಿಗೆ ಹೆದರಿ ಅಲ್ಲ, ನರ್ಸ್ ಪದ್ಮವ್ವನಿಗೆ ಹೆದರಿ. ಗಂಟು ಬಂದ ದಿನವೇ ವಾಸನೆ ಹಿಡಿದು ಬಂದಿದ್ದಳು.

“ನಾಕನೇದು ಕೊಡೋ ಹುಡುಗಾ.”

“ಇನ್ನೂ ನಾನೇ ನೋಡಿಲ್ರಿ. ಚೀಟಿ ಬರದಿಲ್ಲ.”

“ನಿನ್ನ ಚೀಟಿಗೆ ಬೆಂಕಿ ಹಚ್ಚು. ಹ್ವಾದ ಸಲ ‘ಕಡೀಕ ಅಳಸತೈತಿ’ ಅಂತ ಬರದಿದ್ದಿ. ನನಗ ಅಳೂನ ಬರ್ಲಿಲ್ಲ.”

“ನಿಮಗ ಸೂಜಿ ಮುರದ್ರಷ್ಟ ಅಳೂ ಬರತೈತಿ ಬಿಡ್ರಿ.”

ಒಳಗಿನಿಂದ ನಿಮ್ಮಪ್ಪ, ನಮ್ಮ ಚಾಚಾ, ಗದರಿದರು: “ಕೊಟ್ಟ ಬಿಡ್ಲೇ, ಚೀಟಿ ಆಮ್ಯಾಲ ಬರಿಯಂತಿ!” ನೋಡದೆ ಕೊಡುವುದು ನನ್ನಿಂದಾಗದು. ಯಾವ ಸೀಡಿ ಮನೆಮಂದಿಗೆ, ಯಾವುದು ಗಂಡಸರಿಗೆ, ಯಾವುದು ನಡುವೆ ನಿಲ್ಲುತ್ತದೆ ಅಂತ ನೋಡಿ, ಬರೆದು, ಕವರಿನಲ್ಲಿ ಇಟ್ಟೇ ಕೊಡುತ್ತಿದ್ದೆವು. ಅದಕ್ಕೇ ತಾನೇ ಜನ ಎದುರಿನ ಅಂಗಡಿ ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದದ್ದು? ಪದ್ಮವ್ವನನ್ನು ಸಾಗಹಾಕಿ, ಚಾಚಾ ಬೇರೆಯವರಿಗೂ ಕೊಟ್ಟಾರೆಂದು ಮೂರೂ ಗಂಟನ್ನು ಡಬ್ಬಿಯಲ್ಲಿ ಹೂತಿಟ್ಟೆ. ಮರುದಿನ ಪೊಲೀಸರು ಬಂದರು. ಇಷ್ಟೇ ಕಥೆ. ನಂಬುವುದಿದ್ದರೆ ನಂಬು.

ಇನ್ನೊಂದು ಪ್ರಶ್ನೆ ಬಜಾರದಲ್ಲಿ ತಿರುಗುತ್ತಿದೆ. ಅಂಗಡಿಯೊಳಗಿದ್ದ ಹುಡುಗನನ್ನು ಪೊಲೀಸರು ಯಾಕೆ ಬಿಟ್ಟರು, ನಿಮ್ಮಪ್ಪ ಖಾಸಿಮಸಾಬರನ್ನು ಮಾತ್ರ ಯಾಕೆ ಒಯ್ದರು? ಅದು ನಿನ್ನ ಕಿವಿಗೂ ಬಿದ್ದಿರುತ್ತದೆ. ಅದಕ್ಕೆ ನಾನು ಉತ್ತರ ಹೇಳುವುದಿಲ್ಲ.

ಈಗ ನಿನ್ನ ಕೆಲಸದ ಮಾತು. ನಿಮ್ಮ ಮನೆಯ ಪಡಸಾಲೆಯಲ್ಲೇ ಕೂತು ನೋಡಿದೆ, ಇಲ್ಲಿಯೇ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಟೀವಿ ಎಲ್ಲಿದೆ? ಡಬ್ಬಿಯಿಂದ ತೆಗೆದಾಗ ಸೀಡಿಗಳು ಹಪ್ಪಳದ ಹಾಗೆ ಬೆಳ್ಳಗಾಗಿದ್ದವು. ಒದ್ದೆ ಬಟ್ಟೆಯಿಂದ ಚೊಕ್ಕ ಒರೆಸಿದೆ. ಹಿಟ್ಟಿನ ಜೊತೆ ನೀನು ಸ್ಕೆಚ್ ಪೆನ್ನಿನಿಂದ ಹಾಕಿದ್ದ ನಂಬರುಗಳೂ ಹೋದವು! ಯಾವುದು ಮೊದಲು, ಯಾವುದು ಆಮೇಲೆ, ದೇವರೇ ಬಲ್ಲ. ಕೊನೆಗೆ ಒಂದೊಂದನ್ನೇ ಹಾಕಿ ಹೀರೋ ಧವನ್‌ನ ಗಡ್ಡ ನೋಡಿ ಸಾಲು ಹಚ್ಚಿದೆ. ಗಡ್ಡ ಸಣ್ಣದಿದ್ದರೆ ಮೊದಲಿನದು, ಉದ್ದವಿದ್ದರೆ ಆಮೇಲಿನದು.

ಚಾಚಿ ಚಹಾ ತಂದಿಟ್ಟು ನೋಡುತ್ತಾ ನಿಂತಳು. “ಏನ್ ನಡಸೀಯೋ ಪರಶ್ಯಾ?”

“ಹೀರೋನ ಗಡ್ಡ ಅಳತಿ ಮಾಡಾಕ ಹತ್ತೇನಿ ಚಾಚಿ.”

“ಮಾಡಪ್ಪಾ. ನಿಂದರ ಇನ್ನೂ ಸರಿಯಾಗಿ ಬಂದಿಲ್ಲ, ಮಂದೀದರೇ ಅಳಿ.”

ನಗು ಬಂತು. ನಕ್ಕು ಬಹಳ ದಿನವಾಗಿತ್ತು. ಆದರೆ ಚಾಚಾ ಒಳಗಿನ ಕೋಣೆ ಬಿಟ್ಟು ಬರಲಿಲ್ಲ. ರೇಡಿಯೋ ಹಚ್ಚಿಕೊಂಡು ಮಲಗಿದ್ದರು. ನಾನು ಬಂದಾಗಲೆಲ್ಲ ಅವರಿಗೆ ರೇಡಿಯೋ ನೆನಪಾಗುತ್ತದೆ.

ನಾಲ್ಕನೇ ಗಂಟು. ಧವನ್ ಪರದೇಶದಲ್ಲಿ ಜಮಖಾನೆ ಮಾರುವವನ ವೇಷದಲ್ಲಿದ್ದಾನೆ. ಒಂದು ಸಲವೂ ಜಮಖಾನೆ ಝಾಡಿಸುವುದಿಲ್ಲ, ದರ ಹೇಳುವಾಗ ಗಿರಾಕಿಯ ಮುಖ ನೋಡುವುದಿಲ್ಲ. ನಮ್ಮ ಸಂತೆಯಲ್ಲಾಗಿದ್ದರೆ ಮಧ್ಯಾಹ್ನದೊಳಗೆ ಸಿಕ್ಕಿಬೀಳುತ್ತಿದ್ದ. ಕಾರು ಬೆನ್ನಟ್ಟುವುದು ಮೂರು ಊರಿನಲ್ಲಿ ನಡೆಯುತ್ತದೆ, ಮೂರೂ ಊರಿನಲ್ಲಿ ಅದೇ ಹಸಿರು ಹಾಲಿನ ಗಾಡಿ ನಿಂತಿದೆ. ಆದರೂ ಬಡಿದಾಟ ಖರೇ ಬಡಿದಾಟದ ಹಾಗಿದೆ, ಏಟು ತಿಂದವನು ಕೂಡಲೇ ಏಳುವುದಿಲ್ಲ. ಚೀಟಿ ಹೀಗೆ ಬರಿ: ‘ಮನೆಮಂದಿ ಕೂತು ನೋಡಬಹುದು. ಎರಡನೇ ಸೀಡಿಯಲ್ಲಿ ಒಂದು ಮುದ್ದು ಇದೆ, ಆಗ ಯಾರಾದರೂ ನೀರು ಕುಡಿಯಲು ಏಳಿ. ಕೊನೆಯಲ್ಲಿ ಚಿತ್ರ ನಡುಗಿದರೆ ಪ್ಲೇಯರಿಗೆ ಬಡಿಯಬೇಡಿ, ಹಿಟ್ಟಿನ ದೋಷ.’

ಐದನೇ ಗಂಟು. ಇಲ್ಲಿ ಗಡ್ಡ ನನಗೆ ಕೈಕೊಟ್ಟಿತು. ಧವನ್ ನಡುವೆ ಕ್ಷೌರ ಮಾಡಿಸಿಕೊಂಡಿದ್ದಾನೆ! ಕೊನೆಯ ಸೀಡಿಯನ್ನೇ ಮೊದಲನೆಯದು ಅಂದುಕೊಂಡು ಹಾಕಿದೆ. ಕಚೇರಿಯ ಗುಟ್ಟು ಮಾರಿದವನು ದೊಡ್ಡ ಸಾಹೇಬನ ಅಳಿಯ ಅಂತ ಶುರುವಿಗೇ ಗೊತ್ತಾಗಿಹೋಯಿತು. ಆಮೇಲೆ ಉಳಿದ ಸೀಡಿ ನೋಡಿದರೆ ಎಲ್ಲರೂ ಸಂಶಯಪಡುವುದು ತೇಜು ಡ್ರೈವರನ ಮೇಲೆ. ಮೊದಲ ಗಂಟಿನಿಂದ ಧವನ್‌ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡ ತೇಜು. ಅವನು ಏನೂ ಮಾಡಿಲ್ಲ ಅಂತ ನನಗೆ ಗೊತ್ತು, ಆ ಧವನ್‌ಗೆ ಗೊತ್ತಿಲ್ಲ. ಹಾಗೆ ನೋಡುವುದು ಎಂಥ ಹಿಂಸೆ ಅಂತೀ! ಧವನ್ ಬೈಯುವುದಿಲ್ಲ, ಹೊಡೆಯುವುದಿಲ್ಲ. ನಾಲ್ಕು ಗಂಟಿನಲ್ಲಿ ತೇಜುವಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವನು ಐದರಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಾನೆ, ಅಷ್ಟೇ. ತೇಜು ಕನ್ನಡಿಯಲ್ಲಿ ನೋಡುತ್ತಾನೆ, ಇವನು ಕಿಟಕಿ ನೋಡುತ್ತಾನೆ. ಒಂದೇ ಒಂದು ಸಲ ‘ನೀ ಮಾಡೀಯೇನ್ಲೇ?’ ಅಂತ ಕೇಳಿದ್ದರೆ ಇಡೀ ಗಂಟು ಅರ್ಧ ಸೀಡಿಯಲ್ಲಿ ಮುಗಿಯುತ್ತಿತ್ತು. ಕೇಳಲಿಕ್ಕೆ ಇವನಿಗೇನು ಧಾಡಿ? ನನಗೆ ಟೀವಿಗೆ ಒದೆಯಬೇಕು ಅನ್ನಿಸಿತು. ನಿಮ್ಮ ಟೀವಿ ಅಂತ ಬಿಟ್ಟೆ.

ಚಾಚಿ ಅಕ್ಕಿ ಆರಿಸುತ್ತಾ ಅದನ್ನೇ ನೋಡುತ್ತಿದ್ದಳು. “ಡ್ರೈವರಂದೇನ್ ತಪ್ಪೋ ಪಾಪ?”

“ಏನಿಲ್ಲ ಚಾಚಿ.”

“ಮತ್ತ ಆ ದೊಡ್ಡ ಮನಶ್ಯಾಗ ಬಾಯಿಲ್ಲೇನು? ಕೇಳಬಾರದ?”

ಒಳಗೆ ರೇಡಿಯೋದ ಸದ್ದು ಒಮ್ಮೆಲೇ ಇಳಿಯಿತು. ಈಗ ಎದ್ದು ಬರುತ್ತಾರೆ, ಈಗ ಏನಾದರೂ ಅನ್ನುತ್ತಾರೆ ಅಂತ ಕಾಯುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಜೋರಾಗಿ ಹಚ್ಚಿದರು. ಚಾಚಿ ತಲೆ ಎತ್ತದೆ ಕಲ್ಲು ಆರಿಸಿ ಒಗೆದಳು.

ಚೀಟಿ: ‘ಸಿಟ್ಟಿನವರು ನೋಡಬೇಡಿ. ಗೆಳೆಯರಿಬ್ಬರು ಕೂಡಿ ನೋಡುವುದಾದರೆ ನಡುವೆ ನಿಲ್ಲಿಸಿ ಮಾತಾಡಿಕೊಳ್ಳಿ.’

ಆರನೇ ಗಂಟು. ತೇಜುವಿನ ಮೇಲಿದ್ದ ಸಂಶಯ ಹೋಗಿದೆ. ಅವನನ್ನೇ ಕೆಲಸಕ್ಕೆ ಪರದೇಶಕ್ಕೆ ಕಳಿಸುತ್ತಾರೆ, ಅಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿನವರು ಫೋನ್ ಮಾಡಿ ಕೇಳುತ್ತಾರೆ, ಇವನು ನಿಮ್ಮವನೇ? ದೊಡ್ಡ ಸಾಹೇಬ ಕನ್ನಡಕ ತೆಗೆದಿಟ್ಟು ‘ಅಂಥವರು ನಮ್ಮಲ್ಲಿ ಯಾರೂ ಇಲ್ಲ’ ಅನ್ನುತ್ತಾನೆ. ಹಿಂದಿನಿಂದ ಪಿಟೀಲು ಅಳುತ್ತದೆ. ಹಾಗೆ ಹೇಳಿದ್ದು ತೇಜುವಿನ ಜೀವ ಉಳಿಸಲಿಕ್ಕಂತೆ, ಸಾಹೇಬ ಬಲು ದೊಡ್ಡವನಂತೆ. ಕೊನೆಗೆ ತೇಜು ಬಿಡುಗಡೆಯಾಗಿ ಬಂದು ಅವನ ಕಾಲು ಮುಟ್ಟುತ್ತಾನೆ. ಕಾಲು! ಇದನ್ನು ಬರೆದವರು ಯಾವತ್ತೂ ಯಾರ ಬಾಯಿಂದಲೂ ಆ ಮಾತು ಕೇಳಿಸಿಕೊಂಡವರಲ್ಲ. ನಾನು ಇದಕ್ಕೆ ಚೀಟಿ ಬರೆಯುವುದಿಲ್ಲ. ನೀನೇ ನೋಡು, ನೀನೇ ಬರಿ.

ಸುದ್ದಿ ಅಂದರೆ ಒಂದೇ ಇದೆ. ಸುರೇಬಾನದ ಲಕ್ಕಪ್ಪನ ಬೋರ್‌ವೆಲ್ ಲಾರಿ ರಾಮದುರ್ಗಕ್ಕೆ ಬಂದಿದೆ, ಅಲ್ಲಿಂದ ಆಂಧ್ರದ ಕಡೆ ಹೋಗುತ್ತದೆ. ಪೈಪು ಜೋಡಿಸಲಿಕ್ಕೆ ಬಾ ಅಂತ ಹೇಳಿಕಳಿಸಿದ್ದಾನೆ. ಒಮ್ಮೆ ಹತ್ತಿದರೆ ಮುಂದಿನ ವರ್ಷದ ಮಳೆ ಹಿಡಿಯುವ ತನಕ ಇಳಿಯುವುದಿಲ್ಲ. ನಮ್ಮವ್ವ ಬೆಳಿಗ್ಗೆ ಒಲೆ ಮುಂದೆ ಕೂತು ಶುರು ಮಾಡಿದಳು: “ಎಂಟನೇತ್ತೆಗೆ ಸಾಲಿ ಬಿಟ್ಟಿ. ಈಗ ಊರೂ ಬಿಡತೀ? ಕಿತ್ತೂರಾಗ ಅವರ ಹೊಸ ಅಂಗಡಿಗಿ ನೀನ ಬೇಕಲ್ಲೋ.” “ಬೇಕಂದ್ರ ಕರೀತಾರ ಬಿಡ” ಅಂದೆ. “ಕರದಾರಲ್ಲೋ, ಕಾಗದ ಬಂದೈತಿ” ಅಂದಳು. ಚೀಟಿಯನ್ನು ಕರೆದಿದ್ದಾರೆ, ನನ್ನನ್ನಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಕಿತ್ತೂರಿಗೆ ಬರಲು ನನಗೆ ಮನಸ್ಸಿದೆ, ವಾಸೀಮ್. ಎಷ್ಟಿದೆ ಅಂತ ನಿನಗೆ ಗೊತ್ತು. ಕನಸಿನಲ್ಲಿ ಬೋರ್ಡಿನ ಬಣ್ಣ ಕೂಡ ನೋಡಿಟ್ಟಿದ್ದೇನೆ. ಆದರೆ ಹಿಂದಿನ ಸೀಟಿನಲ್ಲಿ ಕೂತವನ ಗಾಡಿ ನಾನು ಓಡಿಸುವುದಿಲ್ಲ.

ಅಂಗಡಿ ನಡೆಯಲಿ. ಕಿತ್ತೂರಿನವರಷ್ಟೇ ಅಲ್ಲ, ದೇಗಾಂವದವರೂ ಹುಡುಕಿಕೊಂಡು ಬರಲಿ. ಚೀಟಿ ಇಡುವುದನ್ನು ಮಾತ್ರ ಬಿಡಬೇಡ, ನೋಡದೆ ಸುಳ್ಳು ಬರೆಯಬೇಡ. ನಿನ್ನ ಮಾಮಾನಿಗೆ ಸಲಾಂ. ಚೆನ್ನಾಗಿರು. ಇದು ಸಿಟ್ಟಿನಿಂದ ಬರೆದದ್ದಾದರೂ ಖರೇ.

ಪರಶ್ಯಾ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಉತ್ತರ ಹೇಳುವುದಿಲ್ಲ ಅಂದಿದ್ದೆನಲ್ಲ, ಹೇಳುತ್ತೇನೆ. ಯಾರೂ ಹೇಳುತ್ತಿಲ್ಲ, ನಾನಾದರೂ ಹೇಳುತ್ತೇನೆ.

ರೇಡಿನ ದಿನ ನೀನು ಊರಲ್ಲಿರಲಿಲ್ಲ. ನಾನು ಕೌಂಟರಿನ ಒಳಗೇ ಇದ್ದೆ, ಚಾಚಾನ ಪಕ್ಕದಲ್ಲಿ, ರಬ್ಬರ್ ಬ್ಯಾಂಡ್ ಹಲ್ಲಲ್ಲಿ ಹಿಡಿದುಕೊಂಡು. ಹೊರಗೆ ಅರ್ಧ ಬಜಾರ ನೆರೆದಿತ್ತು. ಫೌಜದಾರ ನನ್ನ ಕಡೆ ಬೆತ್ತ ತೋರಿಸಿ ಚಾಚಾನನ್ನು ಕೇಳಿದ: “ಇಂವ ಯಾರು?” ಚಾಚಾ ನನ್ನ ಮುಖ ನೋಡಿದರು. “ಗೊತ್ತಿಲ್ರಿ ಸಾಹೇಬ್ರ. ಯಾವನೋ ಗಿರಾಕಿ ಇರಬೇಕು.” ಫೌಜದಾರ “ನಡೀಲೇ” ಅಂತ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ. ಒಂದು ಏಟೂ ಬೀಳಲಿಲ್ಲ. ಚಾಚಾನನ್ನು ಜೀಪು ಹತ್ತಿಸಿದರು.

ನನ್ನನ್ನು ಉಳಿಸಲಿಕ್ಕೇ ಹಾಗೆ ಹೇಳಿದರು. ಗೊತ್ತು, ನಾನೇನು ದಡ್ಡನಲ್ಲ. ಆದರೆ ಕೇಳಿದ್ದರೆ ಜೀಪಿನಲ್ಲಿ ಅವರ ಪಕ್ಕ ನಾನೇ ಹತ್ತಿ ಕೂರುತ್ತಿದ್ದೆ. ಹೋಗಲಿ, ಠಾಣೆಯಿಂದ ಬಿಡುಗಡೆಯಾಗಿ ಬಂದ ಮೇಲೆ? ‘ಪೊಲೀಸರು ಬಿಟ್ಟಿದ್ದಲ್ಲ, ನಾನೇ ಬಿಡಿಸಿದೆ, ಇವ ನಮ್ಮ ಹುಡುಗ’ ಅಂತ ಬಜಾರದಲ್ಲಿ ಒಂದು ಮಾತು ಅಂದಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ನಿನಗಾದರೂ ಹೇಳಬಹುದಿತ್ತಲ್ಲ! ಫೌಜದಾರನಿಗೆ ಸುಳ್ಳು ಹೇಳಿದ್ದು ಹೊರಬಿದ್ದೀತೆಂಬ ಹೆದರಿಕೆಯೋ, ನನ್ನ ಮೇಲೆ ಅವರಿಗೂ ಸಂಶಯವೋ, ಗೊತ್ತಿಲ್ಲ. ಒಳಗೆ ರೇಡಿಯೋ ಹಾಡುತ್ತದೆ. ಊರಿಗೆ ನಾನು ಇವತ್ತಿಗೂ ಯಾವನೋ ಗಿರಾಕಿ, ಅದೂ ಪೊಲೀಸರ ಗಿರಾಕಿ.

ಇದೋ, ನಾನು ಎದ್ದ ಸಪ್ಪಳ ಕೇಳಿ ಚಾಚಾ ಒಳಗಿನಿಂದ ಕೂಗಿದರು: “ಪರಶ್ಯಾ, ಹೊಂಟ್ಯಾ? ಉಂಡ ಹೋಗ್ಲೇ.”

ಮನೆಯೊಳಗೆ ಹೆಸರು ಬರುತ್ತದೆ ನೋಡು.

ಪತ್ರ ಟೀವಿಯ ಮೇಲೆ ಇಡುತ್ತೇನೆ, ಚಾಚಿ ಕಳಿಸುತ್ತಾಳೆ. ಚಾಚಾ ಬಿಚ್ಚಿ ಓದಿದರೂ ಓದಲಿ. ನಾನು ಲಕ್ಕಪ್ಪನ ಲಾರಿ ಹತ್ತುವವನೇ. ಈಗ ಈ ಕದವನ್ನು ಎಷ್ಟು ಜೋರಾಗಿ ಹಾಕುತ್ತೇನೆ ಅಂದರೆ ಇಡೀ ಓಣಿ ಹೊರಗೆ ಬಂದು ‘ಯಾರರೀ ಅದು ಹ್ವಾದಂವ?’ ಅಂತ ಚಾಚಾನನ್ನು ಕೇಳಬೇಕು. ಹೇಳಲಿ, ಎಲ್ಲರೆದುರು ಹೇಳಲಿ.