ನನ್ನ ಕೈಗೆ ನೀನು ಕೊಟ್ಟ ಸಟ್ಟುಗ

ತೋಟದ ಮನೆ, ಉಡುಮಲೈಪೇಟೆ
28-9-1985, ಶನಿವಾರ

ಪ್ರೀತಿಯ ಮಗ ದೇವರಾಜನಿಗೆ,

ಇವತ್ತು ಪುರಟಾಸಿ ತಿಂಗಳ ಎರಡನೇ ಶನಿವಾರ, ನನಗೆ ಒಪ್ಪೊತ್ತು. ಎಮ್ಮೆ ಕರೆದು, ಬಾಗಿಲಿಗೆ ನೀರು ಹಾಕಿ, ಪೆರುಮಾಳಿಗೆ ತುಳಸಿ ಏರಿಸಿ, ನಿಮ್ಮಪ್ಪನ ಮುಂದೆ ಇಡ್ಲಿ ಇಟ್ಟು ಈಗ ಜಗಲಿಯಲ್ಲಿ ಕೂತಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಮದರಾಸಿನ ಉಪ್ಪುನೀರನ್ನು ದಿನವೂ ತಲೆಗೆ ಸುರಿದುಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳನ್ನು ಬಿಟ್ಟು.

ನಾನು ಕಲಿತದ್ದು ತಾಳವಾಡಿ ಬೆಟ್ಟದ ಶಾಲೆಯ ಕನ್ನಡ, ನೀನು ಕಲಿತದ್ದು ತಮಿಳು. ಹಾಗಾಗಿ ಈ ಕಾಗದವನ್ನು ನೀನು ಊಟ ಮಾಡುವ ಹೋಟೆಲಿನ ಅನಂತಪದ್ಮನಾಭ ರಾಯರೇ ನಿನಗೆ ಓದಿ ಹೇಳಬೇಕು. ರಾಯರೇ, ದಮ್ಮಯ್ಯ, ಬೈದಿರುವ ಕಡೆ ಹಾರಿಸಬೇಡಿ.

ಹೋದ ಭಾನುವಾರ ಪೇಟೆ ಲೈಬ್ರರಿಯಲ್ಲಿ ನಿನ್ನ ಮಾತು ಅಂದಾಗ ನಾನು ಹಬ್ಬದ ಸೀರೆ ಉಟ್ಟುಕೊಂಡು ಬಂದವಳು. ನಿನ್ನ ತಂಗಿ ರುಕ್ಮಣಿಯನ್ನು ಮದುವೆಗೆ ಕೇಳಿರುವ ಅವಿನಾಶಿ ಊರಿನವರಿಗೂ ನಾವೇ ಹೇಳಿ ಕಳಿಸಿದ್ದೆವು, ಹುಡುಗಿಯ ಅಣ್ಣ ಎಂಥವನು ಅಂತ ನೋಡಲಿ ಅಂತ. ಹುಡುಗನ ದೊಡ್ಡತ್ತೆ ಕಮಲಾತಾಳ್ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ನೀನು ಮಾತು ಶುರು ಮಾಡಿದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅವಳಿಗೆ ಕೇಳುವ ಹಾಗೆ "ಚಿಕ್ಕಂದಿನಿಂದಲೂ ಹೀಗೇ, ಬಾಯಿ ಬಿಟ್ಟರೆ ಮಳೆ" ಅಂದೆ. ಆ ಮಳೆ ನನ್ನ ತಲೆ ಮೇಲೇ ಸುರಿಯುತ್ತೆ ಅಂತ ಯಾರಿಗೆ ಗೊತ್ತಿತ್ತು.

ಯಾರೋ ಮೇಷ್ಟ್ರು ಎದ್ದು, ನಿಮ್ಮ ಪುಸ್ತಕದಲ್ಲಿ ಬೆಲ್ಲ ಕದ್ದ ಮಗುವಿಗೆ ತಾಯಿ ಕಾದ ಸಟ್ಟುಗದಲ್ಲಿ ಬರೆ ಹಾಕುತ್ತಾಳಲ್ಲ, ಅದು ನಡೆದದ್ದಾ ಅಂತ ಕೇಳಿದರು. ನೀನು ಸುಮ್ಮನೆ ಅಂಗಿ ತೋಳು ಮಡಚಿ ಕಲೆ ತೋರಿಸಿದೆ. ಅಷ್ಟಕ್ಕೇ ಬಿಟ್ಟೆಯಾ? ನನ್ನನ್ನು ಮೇಲೆ ಕರೆದು, "ಇವರೇ ಆ ತಾಯಿ, ಆ ನೋವು ಇಲ್ಲದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ" ಅಂದೆ. ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಮಗುವನ್ನು ಸುಟ್ಟದ್ದಕ್ಕೆ ಶಾಲು ಹೊದಿಸಿಕೊಂಡವಳು ಈ ಸೀಮೆಯಲ್ಲೇ ನಾನೊಬ್ಬಳು. ಆಮೇಲೆ ನೀನು ಪುಸ್ತಕಗಳಿಗೆ ಸಹಿ ಹಾಕುತ್ತಾ ಕೂತೆ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಸಾಲಿನಲ್ಲಿ ಬಂದ ಹೆಂಗಸರು ನಿನ್ನ ಮುಖ ನೋಡಲಿಲ್ಲ ಕಣೋ, ನನ್ನ ಕೈ ನೋಡಿದರು. ಒಬ್ಬಳು ತನ್ನ ಕೂಸನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. ಇನ್ನೊಬ್ಬಳು ಟೀಚರಂತೆ, "ಈಗಿನ ಕಾಲದಲ್ಲಿ ಹಾಗೆಲ್ಲ ಮಾಡಬಾರದು ಅಮ್ಮಾ" ಅಂತ ಬುದ್ಧಿ ಹೇಳಿ ಹೋದಳು. ಸಹಿ ಮುಗಿದದ್ದೇ ನೀನು ಕೊಯಮತ್ತೂರಿನ ಬಸ್ಸು ಹತ್ತಿದೆ. ನಾನು ಶಾಲು ಹಿಡಿದುಕೊಂಡು ನಿಂತಿದ್ದೆ.

ನಿನ್ನ ಪುಸ್ತಕವನ್ನು ರುಕ್ಮಣಿ ನನಗೆ ಓದಿ ಹೇಳಿದ್ದಳು. ಅದೊಂದು ಕಥೆ ಬಂದಾಗ ಮಾತ್ರ "ಕಣ್ಣು ನೋಯುತ್ತೆ ಅವ್ವಾ, ಆಮೇಲೆ" ಅಂತ ಮುಚ್ಚಿಟ್ಟಳು. ಈಗ ಗೊತ್ತಾಯಿತು ಯಾವ ಕಣ್ಣುನೋವು ಅಂತ.

ನಡೆದದ್ದನ್ನು ಕೇಳು. ನಮ್ಮ ಕಬ್ಬು ಕಡಿದು ಆಲೆ ಹಾಕಿದ್ದೆವು, ನಿನಗೆ ನಾಲ್ಕು ವರ್ಷ. ಕೊಪ್ಪರಿಗೆ ಹತ್ತಿರ ಹೋಗಬೇಡ ಅಂತ ಬಾಯಿ ಒಣಗುವಷ್ಟು ಹೇಳಿದೆ. ನಾನು ಒಲೆಗೆ ಸಿಪ್ಪೆ ತಳ್ಳುತ್ತಿದ್ದೆ, ನೀನು ಹಿಂದಿನಿಂದ ಬಂದು ಕುದಿಯುವ ಪಾಕಕ್ಕೆ ಕೈ ಹಾಕಿದೆ. ತೋಳಿಗೆ ಅಂಟಿದ ಪಾಕ ಬಿಡಿಸುವಾಗ ಚರ್ಮವೂ ಬಂತು. ನಿನ್ನನ್ನು ಎತ್ತಿಕೊಂಡು ಬರಿಗಾಲಲ್ಲಿ ಪೇಟೆ ಆಸ್ಪತ್ರೆಗೆ ಓಡಿದವಳು ನಾನು. ಅವತ್ತು ಪೆರುಮಾಳಿಗೆ ಹರಕೆ ಹೊತ್ತು ಬೆಲ್ಲ ಬಿಟ್ಟೆ. ಪೊಂಗಲಿಗೆ ನಾನೇ ಮಾಡುವ ಸಿಹಿಯನ್ನೂ ನಾಲಿಗೆ ಮೇಲೆ ಇಟ್ಟಿಲ್ಲ. ಊರವರ ಮನೆಯದೆಲ್ಲ ನೋಡಿ ಬರೆಯುವವನು, ಅದನ್ನು ಒಂದು ದಿನವಾದರೂ ನೋಡಿದೆಯಾ?

ನಿಮ್ಮಪ್ಪನಿಗೆ ಹೇಳಿದರೆ ನಗುತ್ತಾರೆ. ಕಥೆ ಅಂದರೆ ಉಪ್ಪು ಖಾರ ಇರಬೇಕಂತೆ. ಹಾಕಲಿ ಉಪ್ಪು ಖಾರ, ನನ್ನ ಕೈಗೆ ಯಾಕೆ ಸಟ್ಟುಗ ಕೊಟ್ಟ ಅಂದೆ. ಲೈಬ್ರರಿಯವರ ಹತ್ತಿರವೂ ಹೋಗಿ ಕೇಳಿದೆ. "ಕಥೇನ ಕಥೆ ಅಂತಲೇ ತಗೋಬೇಕು ಅಮ್ಮಾ" ಅಂದರು. ಪುಸ್ತಕದಲ್ಲಿರುವುದು ಕಥೆ ಸಾಮಿ, ತೋಳು ಮಡಚಿ ತೋರಿಸಿದ್ದೂ ಕಥೆಯಾ ಅಂದೆ. ಮನುಷ್ಯ ಕನ್ನಡಕ ಒರೆಸಿಕೊಂಡ.

ಸೋಮವಾರ ಬೆಳಿಗ್ಗೆಯೇ ಕಮಲಾತಾಳ್ ಬಂದಳು. ಕಾಫಿ ಕುಡಿದಳು, ಲೋಟ ಕೆಳಗಿಟ್ಟಳು, "ಹುಡುಗಿ ಚಿನ್ನ, ಒಪ್ಪಿದೆ. ಆದರೆ ತಾಯಿ ಕೈಯ ಗುಣ ಮಗಳಿಗೆ ಬರದೆ ಇರುತ್ತಾ? ನಾಳೆ ನಮ್ಮ ಮನೆ ಮಕ್ಕಳು ಬೆಲ್ಲ ತಿಂದರೆ ಏನು ಗತಿ" ಅಂದಳು. ರುಕ್ಮಣಿ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ತೊಳೆಯುವುದನ್ನು ನಿಲ್ಲಿಸಿದಳು. ನಡೆದದ್ದು ಹೇಳಿದೆ. "ಮಗನೇ ಒಂದು ಹೇಳುತ್ತಾನೆ, ನೀವು ಇನ್ನೊಂದು" ಅಂದಳು. ತಪ್ಪೇನೂ ಅಲ್ಲ, ನಾನಾದರೂ ಹಾಗೇ ಅನ್ನುತ್ತಿದ್ದೆ. ನಿಶ್ಚಯಕ್ಕೆ ಐಪ್ಪಸಿ ತಿಂಗಳು ನೋಡೋಣ ಅಂತ ಎದ್ದು ಹೋದಳು. ನೋಡೋಣ ಅಂದರೆ ಏನು ಅಂತ ನಿನಗೂ ಗೊತ್ತು.

ಆದ್ದರಿಂದ ನೀನು ಬರಬೇಕು. ಮುಂದಿನ ತಿಂಗಳ ಕೂಟದಲ್ಲಿ ನಿನಗೆ ಐದು ನಿಮಿಷ ಕೊಡುತ್ತೇವೆ ಅಂತ ಲೈಬ್ರರಿಯವರು ಒಪ್ಪಿದ್ದಾರೆ. ಅದೇ ಜಾಗದಲ್ಲಿ ನಿಂತು, ಅದು ನಾನು ಕಟ್ಟಿದ ಮಾತು ಅಂತ ಹೇಳು. ಕಮಲಾತಾಳನ್ನು ಕರೆದು ಕೂರಿಸುವುದು ನನ್ನ ಪಾಲು.

ಹೊತ್ತಿಗೆ ಸರಿಯಾಗಿ ಉಣ್ಣು. ಪೆರುಮಾಳು ನಿನ್ನ ಬೆನ್ನಿಗಿರಲಿ, ಬೈದ ಬಾಯಲ್ಲೇ ಹರಸಿದ್ದೇನೆ. ರಾಯರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ.

ನಿನ್ನ ಅವ್ವ,
ಕನ್ನಿಯಮ್ಮ

ಮರೆತ ಮಾತು: ಕವರು ಅಂಟಿಸಲು ಹೋದವಳು ಮತ್ತೆ ಕೂತೆ. ಕಥೆ ಕಟ್ಟುವಾಗ ನೀನು ನಗುತ್ತಾ ಕಟ್ಟುವವನು. ಅವತ್ತು ತೋಳು ತೋರಿಸುವಾಗ ನೀನು ನಗಲಿಲ್ಲ, ನೀರು ಕೇಳಿ ಕುಡಿದೆ. ಆರು ದಿನದಿಂದ ನನ್ನನ್ನು ನಿದ್ದೆ ಮಾಡಲು ಬಿಡದೆ ಇರುವುದು ಅದು, ಕಮಲಾತಾಳ್ ಅಲ್ಲ. ದೇವರಾಜಾ, ನಿನಗೆ ನಿಜವಾಗಿಯೂ ಹಾಗೇ ನೆನಪಾ? ಇಷ್ಟು ವರ್ಷ ನಾನು ಬಡಿಸಿದ್ದನ್ನು ಆ ನೆನಪು ಇಟ್ಟುಕೊಂಡೇ ಉಂಡೆಯಾ? ಹೌದು ಅನ್ನುವುದಾದರೆ ಲೈಬ್ರರಿಗೆ ಬಂದು ಏನೂ ಹೇಳಬೇಡ, ಮದುವೆ ಆದಾಗ ಆಗಲಿ. ನೇರ ಮನೆಗೆ ಬಾ. ಅದಕ್ಕೂ ಮೊದಲು ಒಂದು ಸಾಲು ಬರೆಸು, ಕನ್ನಡದಲ್ಲೇ ಬರೆಸು, ಅದನ್ನು ನಾನೊಬ್ಬಳೇ ಓದಬೇಕು. ಮನೆ ವಿಳಾಸ ಬೇಡ, ಪೇಟೆ ಪೋಸ್ಟಾಫೀಸಿಗೇ ಕಳಿಸು. ತೆಂಗಿನಕಾಯಿ ಗಾಡಿ ಹೊಡೆಯುವ ಅಯ್ಯಾಸಾಮಿಗೆ ದಿನಾ ಅಲ್ಲಿ ವಿಚಾರಿಸಿ, ಬಂದಿದ್ದರೆ ನನ್ನ ಕೈಗೇ ತಂದುಕೊಡು ಅಂತ ಹೇಳಿದ್ದೇನೆ.