ನಿನ್ನ ಎತ್ತರದ ಲೈಟು

ಅಮ್ಮಾ,

ಅಡುಗೆಮನೆಗೆ ಇವತ್ತು ಹೊಸ ಲೈಟ್ ಹಾಕಿಸಿದೆ. ಚಾವಣಿ ನಡುವಿನ ಆ ಒಂದೇ ಬಲ್ಬು ನಿನ್ನ ಬೆನ್ನ ಹಿಂದೆ ಉರೀತಿತ್ತಲ್ಲ, ತರಕಾರಿ ಹೆಚ್ಚೋವಾಗ ಮಣೆ ಮೇಲೆ ನಿನ್ನ ನೆರಳೇ ಬೀಳ್ತಿತ್ತು. "ನನಗೆ ನಾನೇ ಅಡ್ಡ ಕಣೋ" ಅಂತ ಕುಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಗ್ತಿದ್ದೆ. ನಾನೂ ನಗ್ತಿದ್ದೆ.

ಎಲೆಕ್ಟ್ರಿಷಿಯನ್ ಬಂದವನೇ, "ಇಲ್ಲಿ ಅಡುಗೆ ಮಾಡೋದು ಯಾರು?" ಅಂದ.

"ಅಮ್ಮ" ಅಂದುಬಿಟ್ಟೆ. ಬಾಯಿಗೆ ಬಂದಿದ್ದೇ ಅದು.

"ಹಾಗಾದ್ರೆ ಅವರನ್ನ ಒಂದ್ಸಲ ನಿಲ್ಲಿಸಿ ಸಾರ್. ಬೆಳಕು ಕಣ್ಣಿಗೆ ಚುಚ್ಚಬಾರದು, ಕೈ ಮೇಲೆ ನೆರಳು ಬೀಳಬಾರದು."

ಅಮ್ಮ ತೀರಿಕೊಂಡ್ರು ಅನ್ನೋಕೆ ನಾಲಿಗೆ ಹೊರಳಲಿಲ್ಲ. ಮಂಡಿ ಬಗ್ಗಿಸಿ, ನಿನ್ನಷ್ಟೇ ಗಿಡ್ಡಗಾಗಿ, ಕಟ್ಟೆ ಮುಂದೆ ನಾನೇ ನಿಂತೆ. ಅವನು ನನ್ನ ಮುಖ ನೋಡಿದ. ಶೆಲ್ಫಿನ ಕೆಳಗೆ ಪಟ್ಟಿ ಲೈಟನ್ನ ಆ ಎತ್ತರಕ್ಕೇ ಓರೆ ಮಾಡಿ ಕೂರಿಸಿ ಹೋದ.

ಅವನು ಹೋದಮೇಲೆ ಹಚ್ಚಿ ನೋಡಿದೆ. ಮಣೆ ಮೇಲೆ ನಿನ್ನ ಚಾಕು ಎಳೆದ ಗೆರೆಗಳೆಲ್ಲ ನಿಚ್ಚಳವಾಗಿ ಕಂಡವು. ನೆರಳು ಎಲ್ಲೂ ಇರಲಿಲ್ಲ.

ತಡೆಯೋಕಾಗಲಿಲ್ಲ. ಹೊಸ ಲೈಟ್ ಆರಿಸಿ, ಹಳೇ ಬಲ್ಬು ಹಚ್ಚಿ, ಮತ್ತೆ ಮಂಡಿ ಬಗ್ಗಿಸಿ ನಿಂತೆ. ಮಣೆ ಮೇಲೆ ನಿನ್ನಷ್ಟೇ ಎತ್ತರದ ನೆರಳು ಬಿತ್ತು. ಮಂಡಿ ನೋಯ್ತಿತ್ತು ಅಮ್ಮಾ. ನೆಟ್ಟಗಾದ್ರೆ ನೀನು ಹೋಗಿಬಿಡ್ತೀಯ ಅಂತ ಹಾಗೇ ನಿಂತಿದ್ದೆ.