ಕೊರಳಿನ ಸವತಿ

ಕರಾಡ
೨ ಮಾರ್ಚ್ ೧೯೯೪

ಪ್ರೀತಿಯ ಅಕ್ಕನಿಗೆ,

ಉಜ್ವಲಾಳ ನಮಸ್ಕಾರ. ನಿನ್ನ ಎರಡು ಪತ್ರಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಎರಡಕ್ಕೂ ಸೇರಿಸಿ ಬೈ. ಭಾವನವರ ಮೊಣಕಾಲು ಹೇಗಿದೆ? ಇಲ್ಲಿ ಎಲ್ಲ ಕ್ಷೇಮ. ಮನೆ ಎಷ್ಟು ಶಾಂತವೆಂದರೆ ಹಾಲು ಉಕ್ಕುವ ಸದ್ದೂ ಕೇಳಿಸುತ್ತದೆ.

ಇವರ ಮಗಳು ಕೇತಕಿಯನ್ನು ವಾಯಿಗೆ, ಅವಳ ತಾಯಿಯ ತವರಿಗೆ ಕಳಿಸಿದೆವು. ಸುದ್ದಿ ನಿನಗೆ ಮುಟ್ಟಿರುತ್ತದೆ, ಕಾಲು ಬಾಲ ಹಚ್ಚಿಕೊಂಡೇ. ನನ್ನ ಬಾಯಿಂದಲೂ ಕೇಳು.

ಮದುವೆಯ ದಿನ ಅತ್ತೆ ನನ್ನ ಕೊರಳಿಗೆ ಸತ್ತ ಸವತಿಯ ಟಾಕು ಕಟ್ಟಿದ್ದು ನೆನಪಿದೆಯಲ್ಲ? ಹೆಬ್ಬೆಟ್ಟಿನಷ್ಟು ಬೆಳ್ಳಿ ತಗಡು, ಮೇಲೊಂದು ಹೆಣ್ಣಿನ ಗೊಂಬೆ. ನಾಲ್ಕು ವರ್ಷ ಹೊತ್ತೆ. ಕೇತಕಿ ನನ್ನ ಮುಖ ನೋಡಿ ಮಾತಾಡಿದವಳಲ್ಲ. ಹೇಳುವುದೆಲ್ಲ ಆ ತಗಡಿಗೆ. "ಆಯಿ, ಇವತ್ತೂ ಪಲ್ಯಾಕ್ಕ ಉಪ್ಪು ಹೆಚ್ಚಾಗೇದ ನೋಡು." ಅವಳು ತಾಯಿ, ನಾನು ಅವಳನ್ನು ತೂಗುಹಾಕಿದ ಗೂಟ. ನನ್ನನ್ನು ಕರೆಯುವುದು ಆಯಿ ಎಂದಲ್ಲ, ಚಿಕ್ಕಮ್ಮನನ್ನು ಕರೆದ ಹಾಗೆ ಮಾವಶಿ ಎಂದು, ಅದೂ ಹಸಿವಾದಾಗ.

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಓಣಿಯ ಹೆಂಗಸರನ್ನು ಕರೆದಿದ್ದೆ. ಹಿಂದಿನ ದಿನ ದೇವರ ಟಾಕುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಸವತಿಯನ್ನೂ ದಾರದಿಂದ ಬಿಚ್ಚಿ ಸ್ನಾನ ಮಾಡಿಸಿದೆ. ಒರೆಸಿ ಕನ್ನಡಿಯ ಮುಂದಿಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನ ನೋಡಿದರೆ ಇಲ್ಲ.

ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹೆಂಗಸರು ಬೆನ್ನು ಹತ್ತಿದರು. ನಿನಗೆ ಗೊತ್ತು, ಪ್ರಾಸ ಸಿಕ್ಕರೆ ನಾನು ಊಟ ಬಿಡುವವಳು.

"ಬಟ್ಟಲಾಗ ಎಳ್ಳು, ಡಬ್ಬ್ಯಾಗ ಬೆಲ್ಲ,
ಶಶಿಕಾಂತರಾಯರ ಮನ್ಯಾಗ ಕೊರತಿ ಏನೂ ಇಲ್ಲ!"

ಎದುರುಮನೆಯ ಗೋದಾಕಾಕು ನನ್ನ ಕೊರಳು ನೋಡಿ, "ಕೊರತಿ ಇಲ್ಲಂತಿ, ಸವತೀನ ಕಾಣವಲ್ಲಳಲ್ಲವಾ!" ಎಂದರು. ನಾನು ಕೇತಕಿಯ ಕಡೆ ನೋಡಿದೆ. ಎಲ್ಲರೂ ನೋಡಿದರು. ಎಳ್ಳುಂಡೆಯ ತಟ್ಟೆ ಹಿಡಿದಿದ್ದ ಹದಿನಾಲ್ಕರ ಹುಡುಗಿ ನನ್ನದೇ ಧಾಟಿಯಲ್ಲಿ ಅಂದಳು:

"ಬೆಳ್ಳ್ಯಾಗ ನಮ್ಮ ಆಯಿ, ಇರ್ತಿದ್ಲು ಬಾಯಿ ಮುಚ್ಚಿ,
ಇಂಥಾ ಕೊರಳು ಸಾಕಾತಂತ ಹೋದ್ಲು ದಾರ ಬಿಚ್ಚಿ!"

ಹೆಂಗಸರು ನಕ್ಕರು. ಪ್ರಾಸ ನನ್ನದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಇರಬೇಕು, ಕೆನ್ನೆಗೆ ಹೊಡೆದೆ.

"ಕದ್ದು ಎಲ್ಲಿ ಇಟ್ಟಿ?"

"ನಾ ಕದ್ದಿಲ್ಲ."

ಸಂಜೆ ಇವರಿಗೆ ಹೇಳಿದೆ: "ಅಕಿ ಇರಬೇಕು, ಇಲ್ಲಾ ನಾ ಇರಬೇಕು." ಇವರು ಪೇಪರ್ ಮಡಚಿಟ್ಟು ವಾಯಿ ಬಸ್ಸಿನ ವೇಳೆ ಕೇಳಿಕೊಂಡು ಬರಲು ಹೋದರು.

ಹೊರಡುವಾಗ ಕೇತಕಿ ನನ್ನ ಕಾಲಿಗೆರಗಲಿಲ್ಲ. ದೇವರ ಮನೆಯಲ್ಲಿ ಮಾತ್ರ ಬಹಳ ಹೊತ್ತು ನಿಂತಳು. ಬಾಗಿಲಲ್ಲಿ ನಾನಿದ್ದೆ. "ಹೋಗಿಬರ್ತೀನಿ ಆಯಿ" ಎಂದಳು. ಕೊರಳು ಬರಿದಾಗಿತ್ತು, ಅಂದಮೇಲೆ ಈ ಸಲ ನನಗೇ ಅಂದದ್ದು. ನಾಲ್ಕು ವರ್ಷಕ್ಕೆ ಒಂದು ಸಲ! ಆ ಒಂದು ಮಾತನ್ನು ಇಟ್ಟುಕೊಂಡಿದ್ದೇನೆ.

ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಲಿ. ಯಾರ ಕೊರಳಿಗೂ ಭಾರವಾಗದಿರಲಿ.

ನಿನ್ನ ತಂಗಿ
ಉಜ್ವಲಾ

ತಾ.ಕ.: ಪತ್ರ ಡಬ್ಬಿಗೆ ಹಾಕದೆ ಮೂರು ದಿನ ಉಳಿಯಿತು. ಓದಿ ಹರಿದುಹಾಕು. ಶಿವರಾತ್ರಿ ಹತ್ತಿರ ಬಂತೆಂದು ಇವತ್ತು ದೇವರ ಟಾಕುಗಳನ್ನು ತಿಕ್ಕುತ್ತಿದ್ದೆ. ಒಬ್ಬ ದೇವರ ತಲೆಯಲ್ಲಿ ದಾರದ ತೂತು! ಸಂಕ್ರಾಂತಿಯಿಂದ ಸವತಿ ಖಂಡೋಬನ ಪಕ್ಕದಲ್ಲೇ ಕೂತಿದ್ದಾಳೆ. ಕೂರಿಸಿದವಳೂ ನಾನೇ, ದಿನಾ ಗಂಧ ಹಚ್ಚಿದವಳೂ ನಾನೇ. ಕೇತಕಿ ಕಂಡಿದ್ದಳು. ಆ 'ಆಯಿ' ನನಗಲ್ಲ.

ಇವರಿಗೆ ಹೇಳಿಲ್ಲ. ಹೇಳಿದರೆ ಅವಳನ್ನು ಕರೆತರಬೇಕಾಗುತ್ತದೆ. ತಿಕ್ಕಿ ಮತ್ತೆ ಅಲ್ಲೇ ಇಟ್ಟೆ. ಹೂವನ್ನೂ ಇಟ್ಟೆ, ಮುಖ ಮುಚ್ಚುವ ಹಾಗೆ.